ಊರಿಗೆ ಉಪಯೋಗಕ್ಕೆ ಬರುವ ಕ್ರೈಸ್ತರಾಗುವುದು ಹೇಗೆ?

ಧಾರವಾಡದ ಮೇಷ್ಟ್ರು

ನಮ್ಮ ಸಭೆಯ ಯುವಕರ ಕೂಟ ಈ ತಿಂಗಳು ಚರ್ಚೆಗೆ ಎತ್ತಿಕೊಂಡಿರುವ ವಿಷಯ: ಕ್ರೈಸ್ತರು ತಮ್ಮ ಸುತ್ತಲಿನ ಸಮಾಜದ ಮೇಲೆ ಒಳ್ಳೆಯ ಪ್ರಭಾವ ಬೀರುವುದು ಹೇಗೆ? ಬೆಟ್ಟದ ಪ್ರಸಂಗದಲ್ಲಿ ನೀವು ಲೋಕಕ್ಕೆ ಉಪ್ಪು, ಬೆಳಕು ಎಂದು ಯೇಸುಸ್ವಾಮಿ ಹೇಳಿದ ಮಾತು ಎಲ್ಲ ಹುಡುಗರಿಗೂ ಬಾಯಿಪಾಠವಾಗಿದೆ. ಆದರೆ ಆರಾಧನೆ ಮುಗಿಸಿಕೊಂಡು ಗೇಟು ದಾಟಿದ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದರೆ ಚರ್ಚೆ ಅಲ್ಲಿಗೇ ನಿಲ್ಲುತ್ತದೆ. ಚಳಿಗಾಲದಲ್ಲಿ ಕಂಬಳಿ ಹಂಚೋಣ, ಕ್ರಿಸ್‌ಮಸ್‌ಗೆ ಆಸ್ಪತ್ರೆಯಲ್ಲಿ ಹಣ್ಣು ಕೊಡೋಣ ಎಂಬಲ್ಲಿಗೆ ಬಂದು ಮುಗಿಯುತ್ತದೆ. ಅದು ತಪ್ಪಲ್ಲ, ಸಾಲದು.

ನಾನು ಅವರಿಗೆ ಹೇಳಿದ್ದು ಇಷ್ಟು. ಬೇರೆಲ್ಲೂ ಹುಡುಕಬೇಡಿ, ನಮ್ಮ ನಾಡಿನಲ್ಲಿ ಹಿಂದಿನವರು ಮಾಡಿದ್ದರಲ್ಲಿ ಯಾವುದು ಉಳಿದಿದೆ, ಏಕೆ ಉಳಿದಿದೆ ಎಂದು ನೋಡಿ.

ಧಾರವಾಡದಲ್ಲಿ 1881ರಲ್ಲಿ ಹುಟ್ಟಿದ ಉತ್ತಂಗಿ ಚನ್ನಪ್ಪನವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಪಾದ್ರಿ. ಊರೂರು ತಿರುಗಿ, ಜನರ ಬಾಯಲ್ಲಿದ್ದ ಮತ್ತು ಹಳೆಯ ಪ್ರತಿಗಳಲ್ಲಿದ್ದ ಸರ್ವಜ್ಞನ ತ್ರಿಪದಿಗಳನ್ನು ಕಲೆಹಾಕಿ 1924ರಲ್ಲಿ ಅಚ್ಚು ಹಾಕಿಸಿದರು. ಇಂದು ಮಕ್ಕಳು ಶಾಲೆಯಲ್ಲಿ ಸರ್ವಜ್ಞನನ್ನು ಓದುತ್ತಾರೆ ಎಂದರೆ ಅದರ ಹಿಂದೆ ಈ ಪಾದ್ರಿಯ ದುಡಿಮೆ ಇದೆ. ಶರಣರ ಅನುಭವ ಮಂಟಪದ ಚರಿತ್ರೆಯ ಬಗ್ಗೆಯೂ ಬರೆದರು. ಅವರು ತಮ್ಮ ನಂಬಿಕೆಯನ್ನು ಎಲ್ಲೂ ಮುಚ್ಚಿಡಲಿಲ್ಲ. ಆದರೂ 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ ಎಂದು ಕನ್ನಡಿಗರು ಅವರನ್ನೇ ಕರೆದರು. ನೆರೆಯವರ ಸಂಪತ್ತನ್ನು ನೆರೆಯವರಿಗಿಂತ ಹೆಚ್ಚು ಪ್ರೀತಿಯಿಂದ ಕಾಪಾಡಿದ ಮನುಷ್ಯನಿಗೆ ಸಂದ ಗೌರವ ಅದು.

ಜರ್ಮನ್ ಮಿಷನರಿ ಕಿಟ್ಟೆಲ್ ಅವರ ವಿಷಯ ಎಲ್ಲರಿಗೂ ಗೊತ್ತು, ಆದರೂ ಒಮ್ಮೆ ಅವರ ಕನ್ನಡ-ಇಂಗ್ಲಿಷ್ ನಿಘಂಟನ್ನು ಕೈಯಲ್ಲಿ ಹಿಡಿದು ನೋಡಿ. 1853ರಲ್ಲಿ ಈ ನಾಡಿಗೆ ಬಂದವರು, ನಿಘಂಟು ಅಚ್ಚಾದದ್ದು 1894ರಲ್ಲಿ. ಸುಮಾರು 70,000 ಪದ, 1,700ಕ್ಕೂ ಹೆಚ್ಚು ಪುಟ. ಅದರಲ್ಲಿ ಹಳಗನ್ನಡದ ಕವಿಗಳಿದ್ದಾರೆ, ಅಡುಗೆಮನೆಯ ಗಾದೆಗಳಿವೆ, ಹೊಲದ ಮಾತಿದೆ. ಅದಕ್ಕೂ ಮುಂಚೆ 1872ರಲ್ಲಿ ಕೇಶಿರಾಜನ ಹಳಗನ್ನಡ ವ್ಯಾಕರಣ ಶಬ್ದಮಣಿದರ್ಪಣವನ್ನು, 1875ರಲ್ಲಿ ನಾಗವರ್ಮನ ಛಂದಸ್ಸನ್ನು ಸಂಪಾದಿಸಿ ಕೊಟ್ಟಿದ್ದರು. ಆ ಎರಡೂ ಬೈಬಲ್ಲಿಗೆ ಸಂಬಂಧಪಟ್ಟ ಪುಸ್ತಕಗಳಲ್ಲ.

ಮಂಗಳೂರಿಗೆ ಬನ್ನಿ. 1843ರ ಜುಲೈ 1ರಂದು ಮಿಷನರಿ ಹೆರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ಹೊರತಂದ ಮಂಗಳೂರ ಸಮಾಚಾರ ಕನ್ನಡದ ಮೊದಲ ಪತ್ರಿಕೆ. ಇಂದಿಗೂ ಆ ದಿನವನ್ನೇ ಪತ್ರಿಕಾ ದಿನವೆಂದು ಆಚರಿಸುತ್ತೇವೆ. 1865ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಷನರಿ ನೇತ್ರಾವತಿ ತೀರದ ಜೇಡಿಮಣ್ಣಿನಿಂದ ಹೆಂಚು ಸುಡುವ ಕಾರ್ಖಾನೆ ಶುರುಮಾಡಿದರು. ಒಂದರ ಅಂಚು ಇನ್ನೊಂದಕ್ಕೆ ಕಚ್ಚಿಕೊಳ್ಳುವ ಆ ಹೆಂಚು ಕರಾವಳಿಯ ಮಳೆಗೆ ಹೇಳಿ ಮಾಡಿಸಿದಂತಿತ್ತು. ಆಮೇಲೆ ಊರಿನವರೇ ಹತ್ತಾರು ಕಾರ್ಖಾನೆ ತೆರೆದರು. ದೇವಸ್ಥಾನಕ್ಕೂ ಮಸೀದಿಗೂ ಶಾಲೆಗೂ ಅದೇ ಮಂಗಳೂರು ಹೆಂಚು ಹೊದಿಸಿದರು.

ಪದಕೋಶ, ಪತ್ರಿಕೆ, ಹೆಂಚು, ತ್ರಿಪದಿ. ಇವುಗಳನ್ನು ಬಳಸುವವನು ಕ್ರೈಸ್ತನಾಗಬೇಕಿಲ್ಲ, ಕ್ರೈಸ್ತರಿಗೆ ಋಣಿಯಾಗಿದ್ದೇನೆ ಎಂದು ಹೇಳಬೇಕೆಂದೂ ಇಲ್ಲ. ಜೊತೆಗೆ, ಕೊಟ್ಟ ವಸ್ತು ಗಟ್ಟಿಯಾಗಿತ್ತು. ಭಕ್ತಿ ಇದೆ ಎಂಬ ಕಾರಣಕ್ಕೆ ಸೋರುವ ಹೆಂಚನ್ನು ಯಾರೂ ಮನೆಗೆ ಹೊದಿಸುವುದಿಲ್ಲ. ಷರತ್ತಿಲ್ಲದೆ ಕೊಟ್ಟ ಒಳ್ಳೆಯ ಕೆಲಸ, ಅದೇ ನನ್ನ ಉತ್ತರ. ನಮ್ಮ ಕಾಲದಲ್ಲಿ ಆ ಕೆಲಸ ಯಾವುದು ಎಂಬುದನ್ನು ನೀವೆಲ್ಲ ಹೇಳಿ.

ನೇತ್ರಾವತಿ ದಡ

ಮೇಷ್ಟ್ರೇ, ನೀವು ಹೇಳಿದ ಒಂದೊಂದು ಸಂಗತಿಯೂ ನಿಜ. ಆದರೆ ಅರ್ಧ ಮಾತ್ರ ಹೇಳಿದ್ದೀರಿ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನ ಮೂವರು ಮಿಷನರಿಗಳು ಬಂದದ್ದು ಸುವಾರ್ತೆ ಸಾರುವುದಕ್ಕೆ. ಪತ್ರಿಕೆ, ಹೆಂಚು, ನೇಯ್ಗೆ ಎಲ್ಲ ಆ ಕೆಲಸದ ಸುತ್ತ ಬೆಳೆದವು. ಹೆಂಚಿನ ಕಾರ್ಖಾನೆ ಏಕೆ ಬೇಕಾಯಿತು ಎಂಬುದನ್ನೂ ಹುಡುಗರಿಗೆ ಹೇಳಬೇಕು. ಮತಾಂತರವಾದವರನ್ನು ಮನೆಯಿಂದ, ಜಾತಿಯಿಂದ, ಗೇಣಿಯ ಹೊಲದಿಂದ ಹೊರಹಾಕುತ್ತಿದ್ದರು. ಕುಲಕಸುಬೂ ಕೈಬಿಟ್ಟು ಹೋಗುತ್ತಿತ್ತು. ಅವರ ಹೊಟ್ಟೆಪಾಡಿಗೆ ಮಿಷನ್ ದಾರಿ ಹುಡುಕಬೇಕಾಯಿತು. ಅಂದರೆ ಸಭೆಯ ಸದಸ್ಯನಿಗೆ ಪಾದ್ರಿಯೇ ಧಣಿಯೂ ಆದ. ಕೂಲಿಯ ಬಗ್ಗೆ ತಕರಾರು ಎತ್ತಿದರೆ ಅದು ಧಣಿಯೊಂದಿಗಿನ ಜಗಳವೋ ಗುರುವಿನೊಂದಿಗಿನ ಜಗಳವೋ ಎಂಬ ಇಕ್ಕಟ್ಟಿತ್ತು. ಇದನ್ನು ಬಿಟ್ಟು ಬರೀ ಹೆಂಚಿನ ಗುಣಗಾನ ಮಾಡಿದರೆ, ಕೇಳುವ ಹಿಂದೂ ಗೆಳೆಯರು ನಮ್ಮನ್ನು ನಂಬುವುದಿಲ್ಲ.

ಇಂದಿನ ಪರಿಸ್ಥಿತಿಯೂ ಹಗುರವಾದುದಲ್ಲ. ಸಂವಿಧಾನದ 25ನೇ ವಿಧಿ ನಂಬಿಕೆಯನ್ನು ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಪ್ರಚಾರದ ಹಕ್ಕು ಎಂದರೆ ಇನ್ನೊಬ್ಬನನ್ನು ಮತಾಂತರ ಮಾಡುವ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1977ರ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಹೇಳಿತು. 2022ರಲ್ಲಿ ನಮ್ಮ ರಾಜ್ಯದಲ್ಲಿ ಬಂದ ಕಾನೂನು, ಧಾರ್ಮಿಕ ಸಂಸ್ಥೆ ನಡೆಸುವ ಹೆಸರಾಂತ ಶಾಲೆಯಲ್ಲಿ ಉಚಿತ ಶಿಕ್ಷಣ ಕೊಡುವುದನ್ನೂ ಆಮಿಷದ ವ್ಯಾಖ್ಯೆಯೊಳಗೆ ಸೇರಿಸಿತು. ಆ ಕಾನೂನು ಅನ್ಯಾಯವೆಂದೇ ನಾನು ಭಾವಿಸುತ್ತೇನೆ. ಆದರೂ ನಾವು ಕೊಡುವುದೆಲ್ಲ ಗಾಳದ ತುದಿಯ ಎರೆ ಎಂಬ ಸಂಶಯ ಇಷ್ಟು ಆಳಕ್ಕೆ ಇಳಿದಿರುವಾಗ, ಷರತ್ತಿಲ್ಲದ ಸೇವೆ ಎಂದು ಬರೀ ಹೇಳಿಕೊಂಡರೆ ಯಾರೂ ಒಪ್ಪುವುದಿಲ್ಲ.

ಧಾರವಾಡದ ಮೇಷ್ಟ್ರು

ಒಪ್ಪುತ್ತೇನೆ, ಮಿಷನರಿಗಳ ಉದ್ದೇಶವನ್ನು ಬಚ್ಚಿಡಬೇಕಿಲ್ಲ. ನನ್ನ ಮಾತು ಅಲ್ಲಿಂದಲೇ ಮುಂದಕ್ಕೆ ಹೋಗುತ್ತದೆ. ಅವರು ಬಂದ ಉದ್ದೇಶದ ದೃಷ್ಟಿಯಿಂದ ನೋಡಿದರೆ ನಿಘಂಟು ಪಕ್ಕದ ಕೆಲಸ. ಶಬ್ದಮಣಿದರ್ಪಣದ ಪಾಠಾಂತರ ನೋಡುತ್ತ ಕೂತರೆ ಸಭೆಯ ಲೆಕ್ಕಕ್ಕೆ ಒಬ್ಬನೂ ಸೇರುವುದಿಲ್ಲ. ಆದರೂ ಕಿಟ್ಟೆಲ್ ಬಿಡಲಿಲ್ಲ. ಈ ಜನರ ಭಾಷೆಯ ಮೇಲೆ ಪ್ರೀತಿ ಹುಟ್ಟಿದ ಮೇಲೆ ಲೆಕ್ಕದ ಹಂಗು ಉಳಿಯಲಿಲ್ಲ. ಪ್ರೀತಿ ಲೆಕ್ಕವನ್ನು ಮೀರಿದ ಆ ಕಡೆಯನ್ನು ನಾನು ಹುಡುಗರಿಗೆ ತೋರಿಸುತ್ತಿರುವುದು.

ಪಾದ್ರಿಯೇ ಧಣಿಯಾದರೆ ಆಗುವ ತೊಂದರೆಯ ಬಗ್ಗೆ ನೀವು ಹೇಳಿದ್ದು ಬಹಳ ಮುಖ್ಯ. ಇಂದಿಗೂ ಶಾಲೆ, ಆಸ್ಪತ್ರೆ ನಡೆಸುವ ಸಭೆಗಳು ಅದನ್ನು ಮರೆಯಬಾರದು.

ಹಳೆಯ ನರ್ಸ್

ನಾನು ಪುಸ್ತಕದವಳಲ್ಲ. ನಿವೃತ್ತಿಯಾಗುವವರೆಗೆ ವಾರ್ಡಿನಲ್ಲಿ ಕೆಲಸ ಮಾಡಿದವಳು, ಅದರಲ್ಲಿ ಬಹುಪಾಲು ಕುಷ್ಠರೋಗಿಗಳ ವಾರ್ಡು. ನನಗೆ ತಿಳಿದ ಒಂದು ಕೆಲಸವನ್ನು ಬರೆಯುತ್ತೇನೆ. ಮೇಷ್ಟ್ರು ಕೇಳಿದ ಪ್ರಶ್ನೆಗೆ ಉತ್ತರ ಅದರಲ್ಲೇ ಸಿಗಬಹುದು.

ಕುಷ್ಠದಲ್ಲಿ ನರ ಸತ್ತ ಪಾದಕ್ಕೆ ನೋವು ತಿಳಿಯುವುದಿಲ್ಲ, ಬೆವರೂ ಬರುವುದಿಲ್ಲ. ಬೆವರಿಲ್ಲದ ಚರ್ಮ ಒಣಗಿ ಬಿರಿಯುತ್ತದೆ. ಬಿರುಕಿನಲ್ಲಿ ಮಣ್ಣು ಸೇರುತ್ತದೆ, ಕೀವಾಗುತ್ತದೆ, ಹುಣ್ಣು ಎಲುಬಿನವರೆಗೆ ಇಳಿಯುತ್ತದೆ. ನೋವಿಲ್ಲದ್ದರಿಂದ ಮನುಷ್ಯ ಅದರ ಮೇಲೇ ನಡೆಯುತ್ತಿರುತ್ತಾನೆ. ಇದನ್ನು ತಡೆಯುವುದಕ್ಕೆ ದೊಡ್ಡ ಯಂತ್ರ ಬೇಡ. ಬೇಸಿನ್ನಿನಲ್ಲಿ ತಣ್ಣೀರು ಹಾಕಿ ಇಪ್ಪತ್ತು ನಿಮಿಷ ಪಾದ ನೆನೆಸಬೇಕು. ದಪ್ಪಗಟ್ಟಿದ ಚರ್ಮವನ್ನು ಒರಟು ಕಲ್ಲಿನಿಂದ ಹಗುರವಾಗಿ ಉಜ್ಜಬೇಕು. ನೀರಿನ ಪಸೆ ಆರುವ ಮುಂಚೆಯೇ ಕೊಬ್ಬರಿ ಎಣ್ಣೆ ಸವರಬೇಕು, ಒಳಗಿನ ತೇವ ಹೊರಹೋಗದಂತೆ. ಆಮೇಲೆ ಬೆರಳ ಸಂದು, ಹಿಮ್ಮಡಿ, ಅಂಗಾಲು ಎಲ್ಲವನ್ನೂ ಬೆಳಕಿಗೆ ಹಿಡಿದು ನೋಡಬೇಕು. ಮುಳ್ಳು ಚುಚ್ಚಿದೆಯೇ, ಎಲ್ಲಾದರೂ ಕೆಂಪಾಗಿದೆಯೇ, ಮುಟ್ಟಿದರೆ ಬಿಸಿ ಇದೆಯೇ ಎಂದು. ಚಪ್ಪಲಿ ಮೆತ್ತನೆಯ ರಬ್ಬರಿನದಾಗಿರಬೇಕು, ಮೊಳೆ ಹೊಡೆದಿರಬಾರದು. ಮೊಳೆ ಕಾಲಿಗೆ ನಾಟಿದರೂ ಅವರಿಗೆ ಗೊತ್ತಾಗುವುದಿಲ್ಲ. ಇದನ್ನು ಪ್ರತಿದಿನ ಮಾಡಬೇಕು. ಒಂದು ದಿನ ಹಬ್ಬದ ಉತ್ಸಾಹದಲ್ಲಿ ಮಾಡಿ ಬಿಟ್ಟರೆ ಪ್ರಯೋಜನವಿಲ್ಲ.

ಕುಷ್ಠವಾದರೆ ಬೆರಳು ತಾನೇ ಕಳಚಿ ಬೀಳುತ್ತದೆ ಎಂದು ಜನ ನಂಬಿದ್ದ ಕಾಲದಲ್ಲಿ ಡಾ. ಪಾಲ್ ಬ್ರ್ಯಾಂಡ್ ವೆಲ್ಲೂರಿಗೆ ಬಂದರು, 1946ರಲ್ಲಿ. ತಮಿಳುನಾಡಿನ ಕೊಲ್ಲಿ ಮಲೆಯಲ್ಲಿ ಹುಟ್ಟಿದ ಮಿಷನರಿ ಮಗ. ಮಾಂಸ ಕೊಳೆಯುವುದು ರೋಗದಿಂದಲ್ಲ, ನೋವು ತಿಳಿಯದೆ ಆಗುವ ಗಾಯಗಳಿಂದ ಎಂದು ಅವರು ತೋರಿಸಿಕೊಟ್ಟರು. ಕೆಲವರ ಬೆರಳು ರಾತ್ರೋರಾತ್ರಿ ಮೊಟಕಾಗುವುದು ಏಕೆಂದು ಕಾದು ನೋಡಿದರೆ, ನಿದ್ದೆಯಲ್ಲಿದ್ದವರ ಬೆರಳನ್ನು ಇಲಿ ಕಡಿಯುತ್ತಿತ್ತು. ಅದಕ್ಕೆ ಮದ್ದು, ಮನೆಯಲ್ಲಿ ಒಂದು ಬೆಕ್ಕು. ಮುರುಟಿದ ಕೈಗೆ ಸ್ನಾಯುರಜ್ಜುವನ್ನು ಬದಲಿಸಿ ಹೊಲಿದು ಬೆರಳು ಬಿಡಿಸುವ ಶಸ್ತ್ರಚಿಕಿತ್ಸೆಯನ್ನೂ ಬೆಳೆಸಿದರು. ಭಕ್ತಿ ಇದ್ದರೆ ಸಾಕು ಎಂದುಕೊಂಡಿದ್ದರೆ ರೋಗಿಯ ತಲೆಯ ಮೇಲೆ ಕೈಯಿಟ್ಟು ಸುಮ್ಮನಿರುತ್ತಿದ್ದರು. ಅವರು ಗಮನಿಸಿದರು, ಅಳೆದರು, ಬರೆದಿಟ್ಟರು. ಮೇಷ್ಟ್ರು ಹೇಳಿದ ಗಟ್ಟಿ ಕೆಲಸ ಎಂದರೆ ನನಗೆ ಇದು.

ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಆಲದ ಮರದಡಿ ಹೋಮಿಯೋಪತಿ ಔಷಧ ಕೊಡಲು ಶುರುಮಾಡಿದರು, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಅಂದು ಅವರನ್ನು ಮುಟ್ಟುವವರೇ ಇರಲಿಲ್ಲ.

ಇನ್ನೊಬ್ಬರ ಹೆಸರು ಹೇಳದೆ ಇರಲಾರೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಪುಟ್ಟ ಗಂಡುಮಕ್ಕಳನ್ನು ಜೀಪಿನಲ್ಲಿ ಸುಟ್ಟು ಕೊಂದರು. ಪತ್ನಿ ಗ್ಲ್ಯಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆ ಎಂದರು. ಅದು ಎಲ್ಲ ಪತ್ರಿಕೆಯಲ್ಲೂ ಬಂತು. ನನ್ನ ಮನಸ್ಸಿನಲ್ಲಿ ನಿಂತದ್ದು ಆಮೇಲಿನ ಸಂಗತಿ. ಮಗಳನ್ನು ಕರೆದುಕೊಂಡು ಮರುದಿನವೇ ಆಸ್ಟ್ರೇಲಿಯಾಕ್ಕೆ ಹೋಗಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಅವರು ಹೋಗಲಿಲ್ಲ. 2004ರವರೆಗೆ ತಾವು ಕೆಲಸ ಮಾಡುತ್ತಿದ್ದ ಒಡಿಶಾದ ಬಾರಿಪದದಲ್ಲೇ ಇದ್ದು ಕುಷ್ಠರೋಗಿಗಳ ಆಶ್ರಮ ನೋಡಿಕೊಂಡರು. ಕ್ಷಮಿಸಿದ್ದೇನೆ ಎಂದು ಬಾಯಲ್ಲಿ ಹೇಳುವುದಕ್ಕೆ ಒಂದು ಕ್ಷಣ ಸಾಕು. ಅದೇ ಊರಿನ ಅಂಗಡಿಗೆ ಹೋಗಿ ಅಕ್ಕಿ ತಂದು, ಅದೇ ಜನರ ಗಾಯ ತೊಳೆದು ಐದು ವರ್ಷ ಬಾಳುವುದು ಎಂಥ ಕ್ಷಮೆ ಎಂದು ಯೋಚಿಸಿ.

ಸಾಗರದ ಓದುಗ

ನಾನು ಕ್ರೈಸ್ತನಲ್ಲ. ಈ ಚರ್ಚೆಯಲ್ಲಿ ಬರೆಯಬಹುದೆಂದು ಭಾವಿಸಿದ್ದೇನೆ, ಏಕೆಂದರೆ ಪ್ರಭಾವ ಬೀಳಬೇಕಾದದ್ದು ನಮ್ಮಂಥವರ ಮೇಲಲ್ಲವೇ?

ನಮ್ಮ ತಾಯಿ ಕೊನೆಯ ದಿನಗಳನ್ನು ಕಳೆದದ್ದು ಮಿಷನ್ ಆಸ್ಪತ್ರೆಯೊಂದರಲ್ಲಿ. ರಾತ್ರಿ ಪಾಳಿಯ ಸಿಸ್ಟರ್ ಒಬ್ಬರು, ಅಮ್ಮನಿಗೆ ನಿದ್ದೆ ಬರದಿದ್ದಾಗ, "ಅಮ್ಮಾ, ಪ್ರಾರ್ಥನೆ ಮಾಡಲೇ?" ಎಂದು ಕೇಳಿದರಂತೆ. "ಮಾಡು ಮಗಾ, ನಾನೂ ನನ್ನ ರಾಮನನ್ನು ನೆನೆಯುತ್ತೇನೆ" ಎಂದರಂತೆ ಅಮ್ಮ. ಇಬ್ಬರೂ ತಮ್ಮ ತಮ್ಮ ದೇವರನ್ನು ನೆನೆದರು. ಅಮ್ಮ ಅದನ್ನು ಸಂತೋಷದಿಂದ ನಮಗೆಲ್ಲ ಹೇಳಿದರು. ಆ ಸಿಸ್ಟರ್ ಕೇಳಿ ಮಾಡಿದರು, ಒಪ್ಪಿಗೆ ಪಡೆದು ಮಾಡಿದರು, ಮಾರನೆಯ ದಿನ ಯಾವ ಪುಸ್ತಕವನ್ನೂ ದಿಂಬಿನ ಕೆಳಗೆ ಇಡಲಿಲ್ಲ.

ಇನ್ನೊಂದು ಅನುಭವವೂ ಇದೆ. ನಮ್ಮ ಬೀದಿಯಲ್ಲಿ ಯಾರೋ ಹಂಚಿದ ಕರಪತ್ರದಲ್ಲಿ ನಾವು ಪೂಜಿಸುವ ದೇವರನ್ನು ಹೀನಾಯವಾಗಿ ಬರೆದಿದ್ದರು. ಅದನ್ನು ಓದಿದ ನನ್ನ ತಮ್ಮ ಇಂದಿಗೂ ಎಲ್ಲ ಕ್ರೈಸ್ತರನ್ನೂ ಅದೇ ಕಣ್ಣಿನಿಂದ ನೋಡುತ್ತಾನೆ. ಅದು ಅನ್ಯಾಯ ಎಂದು ಅವನಿಗೆ ಹೇಳುತ್ತಲೇ ಇರುತ್ತೇನೆ. 2008ರ ಸೆಪ್ಟೆಂಬರಿನಲ್ಲಿ ಕರಾವಳಿಯ ಚರ್ಚುಗಳ ಮೇಲೆ ದಾಳಿಯಾದಾಗ, ಅಂಥದೊಂದು ಕರಪತ್ರದ ನೆಪ ಹೇಳಿ ಸಮರ್ಥಿಸಿಕೊಂಡವರನ್ನು ಕಂಡು ನನಗೆ ಹಿಂದೂವಾಗಿ ನಾಚಿಕೆಯಾಗಿತ್ತು. ಯಾವ ಕರಪತ್ರವೂ ಪ್ರಾರ್ಥನಾಲಯಕ್ಕೆ ನುಗ್ಗಿ ಹೊಡೆಯುವುದಕ್ಕೆ ಪರವಾನಗಿಯಲ್ಲ. ಆದರೆ ನೀವು ನಿಮ್ಮಲ್ಲೇ ಮಾತಾಡಿಕೊಳ್ಳುತ್ತಿರುವುದರಿಂದ ಹೇಳುತ್ತೇನೆ, ಅಂಥದನ್ನು ಬರೆಯುವವರನ್ನು ನಿಮ್ಮ ಸಭೆಯ ಹಿರಿಯರೇ ತಡೆದರೆ ಅದು ನೂರು ಕಂಬಳಿ ಹಂಚುವುದಕ್ಕಿಂತ ದೊಡ್ಡ ಸೇವೆ. ಉತ್ತಂಗಿಯವರು ಸರ್ವಜ್ಞನ ಮುಂದೆ ತಲೆಬಾಗಿದ್ದರಿಂದ ಅವರ ಕ್ರೈಸ್ತ ನಂಬಿಕೆ ಒಂದು ಎಳೆಯಷ್ಟೂ ಸವೆಯಲಿಲ್ಲ, ಅಲ್ಲವೇ?

ಹಳೆಯ ನರ್ಸ್

ಸಾಗರದ ಅಣ್ಣನವರೇ, ನಿಮ್ಮ ತಾಯಿಯ ಮಾತು ಓದಿ ಕಣ್ಣು ತುಂಬಿತು. ವಾರ್ಡಿನಲ್ಲಿ ನಮಗೆ ಹೇಳಿಕೊಡುತ್ತಿದ್ದದ್ದೂ ಇದನ್ನೇ. ಹಾಸಿಗೆಯಲ್ಲಿ ಮಲಗಿದವರಿಗೆ ಬೇಡವೆಂದು ಎದ್ದುಹೋಗುವ ಶಕ್ತಿ ಇರುವುದಿಲ್ಲ, ಆದ್ದರಿಂದ ಅವರ ಮುಂದೆ ಇನ್ನೂ ಹೆಚ್ಚು ಎಚ್ಚರವಾಗಿರಬೇಕು.

ಕೊಳ್ಳೇಗಾಲದವನು

ಎಲ್ಲರೂ ಹೊರಗಿನವರಿಗೆ ಏನು ಮಾಡಬೇಕು ಎಂದು ಬರೆಯುತ್ತಿದ್ದೀರಿ. ನಾನು ಒಳಗಿನ ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಾನು ದಲಿತ ಕ್ರೈಸ್ತ. ನಮ್ಮ ಅಜ್ಜ ಜ್ಞಾನಸ್ನಾನ ಪಡೆದದ್ದು ಯಾರೋ ಹಂಚಿದ ಗೋಧಿಗೂ ಅಲ್ಲ, ಬೆಂಚಿನ ಮೇಲೆ ಎಲ್ಲರ ಜೊತೆ ಸಮನಾಗಿ ಕೂರಬಹುದು ಎಂಬ ಆಸೆಗೆ. ಆ ಆಸೆ ಪೂರ್ತಿ ನೆರವೇರಿದೆಯೇ? ಮದುವೆಯ ಮಾತು ಬಂದಾಗ ಜಾತಿ ಕೇಳುತ್ತಾರೆ. ಧರ್ಮಕೇಂದ್ರದ ಸಮಿತಿಯಲ್ಲಿ ಯಾರಿರುತ್ತಾರೆ, ಹಬ್ಬದ ತೇರು ಯಾವ ಬೀದಿಗೆ ಬರುತ್ತದೆ, ಯಾವ ಬೀದಿಗೆ ಬರುವುದಿಲ್ಲ ಎಂಬುದನ್ನು ನೋಡಿದರೆ ಅರ್ಥವಾಗುತ್ತದೆ. ನಮ್ಮ ಚಿಕ್ಕಪ್ಪ ತೀರಿಕೊಂಡಾಗ ಸ್ಮಶಾನದಲ್ಲಿ ನಮ್ಮವರಿಗೆ ತೋರಿಸಿದ ಜಾಗ ನೀರು ನಿಲ್ಲುವ ಮೂಲೆ. ಗುರುಗಳು ಒಳ್ಳೆಯವರು, ಆದರೆ ಅದು ಮೊದಲಿನಿಂದ ಬಂದ ಪದ್ಧತಿ ಎಂದು ಸುಮ್ಮನಾದರು.

ಇದು ನನ್ನೊಬ್ಬನ ದೂರಲ್ಲ. 2016ರಲ್ಲಿ ಭಾರತದ ಕ್ಯಾಥೊಲಿಕ್ ಬಿಷಪ್‌ಗಳ ಸಮ್ಮೇಳನ ದಲಿತರ ಸಬಲೀಕರಣದ ನೀತಿ ಪ್ರಕಟಿಸಿದಾಗ, ಚರ್ಚಿನೊಳಗೇ ಅಸ್ಪೃಶ್ಯತೆ ಇದೆ ಎಂದು ಒಪ್ಪಿಕೊಂಡಿತು. ಸರ್ಕಾರದ ಕಡೆಯಿಂದಲೂ ನಮಗೆ ಪೆಟ್ಟು. 1950ರ ರಾಷ್ಟ್ರಪತಿಗಳ ಆದೇಶದಂತೆ ಕ್ರೈಸ್ತನಾದವನು ಪರಿಶಿಷ್ಟ ಜಾತಿಯಲ್ಲ. ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಆ ಪಟ್ಟಿಗೆ ಸೇರಿಸಿದರು, ನಮ್ಮನ್ನು ಸೇರಿಸಲಿಲ್ಲ. ಆ ಅನ್ಯಾಯದ ವಿರುದ್ಧ ಬಿಷಪ್‌ಗಳು ದೆಹಲಿಯಲ್ಲಿ ದನಿ ಎತ್ತುತ್ತಾರೆ, ಅದಕ್ಕೆ ನಾನು ಕೃತಜ್ಞ. ಸ್ಮಶಾನದ ಮೂಲೆಯನ್ನು ಸರಿಮಾಡುವುದಕ್ಕೆ ದೆಹಲಿಯವರೆಗೆ ಹೋಗಬೇಕಾಗಿಲ್ಲ.

ಜಾತಿಯಿಂದ ನಲುಗಿದ ಈ ದೇಶದಲ್ಲಿ, ಜಾತಿಯೇ ಇಲ್ಲದ ಒಂದು ಹಳ್ಳಿಯ ಚರ್ಚು, ಅಲ್ಲಿ ಯಾರ ಮನೆಯ ಹೆಣ್ಣನ್ನು ಯಾರು ಬೇಕಾದರೂ ತರುತ್ತಾರೆ, ಯಾರನ್ನು ಎಲ್ಲಿ ಬೇಕಾದರೂ ಹೂಳುತ್ತಾರೆ ಎಂದಾದರೆ ಅದನ್ನು ನೋಡಲು ಸುತ್ತಲ ಹತ್ತು ಹಳ್ಳಿಯವರು ಬರುತ್ತಾರೆ. ಅದಕ್ಕೆ ಭಾಷಣ ಬೇಕಾಗುವುದಿಲ್ಲ.

ನೇತ್ರಾವತಿ ದಡ

ತಮ್ಮಾ, ಬೇಸರ ಮಾಡಿಕೊಳ್ಳುವ ಮಾತೇ ಇಲ್ಲ. ಈ ಚರ್ಚೆಯಲ್ಲಿ ಇಲ್ಲಿಯವರೆಗೆ ಬಂದ ಮಾತುಗಳಲ್ಲಿ ಇದೇ ಮೊದಲು ಬರಬೇಕಾಗಿತ್ತು. ಕರಾವಳಿಯ ನಮ್ಮ ಕೊಂಕಣಿ ಮನೆಗಳಲ್ಲೂ ಇವರು ಬಾಮಣ, ಇವರು ಚಾರೊಡಿ ಎಂಬ ಜಾತಿಯ ಲೆಕ್ಕಾಚಾರ ಮದುವೆಯ ಹೊತ್ತಿಗೆ ತಲೆ ಎತ್ತುತ್ತದೆ. ಕ್ರೈಸ್ತರಾಗಿ ನಾಲ್ಕು ಶತಮಾನ ಕಳೆದ ಮೇಲೂ.

ಅಳತೆ ಪುಸ್ತಕ

ನಾನು ಲೋಕೋಪಯೋಗಿ ಕೆಲಸಗಳ ಎಂಜಿನಿಯರ್. ಆಸ್ಪತ್ರೆ, ಶಾಲೆ, ಸಾಹಿತ್ಯ ಇವೆಲ್ಲ ದೊಡ್ಡ ಸಂಗತಿಗಳು. ಆದರೆ ಸಭೆಯಲ್ಲಿ ಕೂರುವ ಬಹುಪಾಲು ಜನ ಗುಮಾಸ್ತರು, ಚಾಲಕರು, ಅಂಗಡಿಯವರು, ನನ್ನಂಥ ನೌಕರರು. ನಾವು ಊರಿನ ಮೇಲೆ ಪ್ರಭಾವ ಬೀರುವ ಜಾಗ ನಮ್ಮ ಮೇಜು.

ನಮ್ಮ ಕೆಲಸದಲ್ಲಿ ಎಂ.ಬಿ. ಎಂಬ ಅಳತೆ ಪುಸ್ತಕ ಇರುತ್ತದೆ. ಗುತ್ತಿಗೆದಾರ ಹಾಕಿದ ಕಾಂಕ್ರೀಟು ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ದಪ್ಪ ಎಂದು ಅಳೆದು ಬರೆದು ಸಹಿ ಮಾಡಿದರೆ ಬಿಲ್ಲು. ಆರು ಅಂಗುಲ ಇರಬೇಕಾದ ರಸ್ತೆ ನಾಲ್ಕೇ ಅಂಗುಲ ಇದ್ದರೂ ಆರು ಎಂದು ಬರೆಯಿಸುವ ಒತ್ತಡ ಎಲ್ಲ ಕಡೆಯಿಂದ ಬರುತ್ತದೆ. ಎರಡನೆಯ ಮಳೆಗಾಲಕ್ಕೆ ಆ ರಸ್ತೆ ಕಿತ್ತುಬರುತ್ತದೆ, ಹೆರಿಗೆ ನೋವಿನ ಹೆಂಗಸು ಆಟೋದಲ್ಲಿ ಆ ಗುಂಡಿಗಳ ಮೇಲೆ ಹೋಗುತ್ತಾಳೆ. ನಾಲ್ಕು ಇದ್ದದ್ದನ್ನು ನಾಲ್ಕು ಎಂದು ಬರೆಯುವುದೇ ನನ್ನ ಪಾಲಿನ ಸಾಕ್ಷಿ. ಅದಕ್ಕೆ ಬೆಲೆ ಇದೆ. ವರ್ಗಾವಣೆ ಬರುತ್ತದೆ, ಮಕ್ಕಳ ಶಾಲೆ ಬದಲಾಗುತ್ತದೆ, ಸಹೋದ್ಯೋಗಿಗಳು ದೂರವಾಗುತ್ತಾರೆ. ಆಗ ಸಭೆ ಏನು ಮಾಡಬೇಕು? ಅಂಥವನ ಮನೆಗೆ ಹೋಗಿ ಕೂರಬೇಕು, ಹೊಸ ಊರಿನಲ್ಲಿ ಬಾಡಿಗೆ ಮನೆ ಹುಡುಕಿಕೊಡಬೇಕು, ಮಕ್ಕಳಿಗೆ ಶಾಲೆಯಲ್ಲಿ ಸೀಟು ವಿಚಾರಿಸಿಕೊಡಬೇಕು. ಪ್ರಾಮಾಣಿಕರಾಗಿರಿ ಎಂದು ಪ್ರಸಂಗ ಮಾಡಿ, ಪ್ರಾಮಾಣಿಕನಾದವನನ್ನು ಒಬ್ಬಂಟಿ ಬಿಟ್ಟರೆ ಮುಂದಿನವನು ಧೈರ್ಯ ಮಾಡುವುದಿಲ್ಲ.

ಸಭೆಗಳೂ ತಮ್ಮ ಪುಸ್ತಕ ಸರಿ ಇಟ್ಟುಕೊಳ್ಳಬೇಕು. ಶಿಕ್ಷಕಿಯರಿಂದ ಹೆಚ್ಚು ಸಂಬಳಕ್ಕೆ ಸಹಿ ಹಾಕಿಸಿಕೊಂಡು ಕಡಿಮೆ ಕೈಗೆ ಕೊಡುವ ಶಾಲೆಗಳು ನಾಡಿನಲ್ಲಿ ಬಹಳ ಇವೆ. ಶಿಲುಬೆ ಹೊತ್ತ ಒಂದೇ ಒಂದು ಶಾಲೆಯೂ ಅವುಗಳ ಸಾಲಿನಲ್ಲಿ ಇರಬಾರದು. ಸಭಾಭವನ ಕಟ್ಟುವಾಗ ನಕ್ಷೆಗೆ ಅನುಮತಿ, ಕಾಣಿಕೆಗೆ ರಸೀದಿ, ವರ್ಷಕ್ಕೊಮ್ಮೆ ಎಲ್ಲರ ಮುಂದೆ ಲೆಕ್ಕಪತ್ರ. ಸಭೆಯ ಆಸ್ತಿಗಾಗಿ ಕ್ರೈಸ್ತರು ಕ್ರೈಸ್ತರ ಮೇಲೆ ಹೂಡುವ ದಾವೆಗಳನ್ನು ನೋಡಿ ನೋಡಿ ನ್ಯಾಯಾಲಯದ ಸಿಬ್ಬಂದಿಗೂ ಸಾಕಾಗಿದೆ. ಇದು ನಿಂತರೆ ಅರ್ಧ ಸಾಕ್ಷಿ ತಾನೇ ಸರಿಯಾಗುತ್ತದೆ.

ಹಳ್ಳಿಯ ಸಭಾಪಾಲಕ

ಎಲ್ಲರ ಮಾತನ್ನೂ ಓದಿದೆ, ಬಹುಪಾಲು ಒಪ್ಪಿದೆ. ಒಂದು ಕಳವಳ ಮಾತ್ರ ಹೇಳಿಕೊಳ್ಳುತ್ತೇನೆ. ಸೇವೆ, ಸೇವೆ ಎಂದು ಹೇಳುತ್ತ ಹೋದರೆ ನಾವು ಶಿಲುಬೆಯ ಗುರುತು ಹಾಕಿಕೊಂಡ ಒಂದು ಸ್ವಯಂಸೇವಾ ಸಂಸ್ಥೆಯಾಗಿ ಉಳಿಯುತ್ತೇವೆ. ಷರತ್ತಿಲ್ಲದೆ ಕೊಡಬೇಕು ಎನ್ನುವುದು ಸರಿ. ಏಕೆ ಕೊಡುತ್ತೀರಿ ಎಂದು ಯಾರಾದರೂ ಕೇಳಿದರೆ ಉತ್ತರ ಹೇಳುವುದಕ್ಕೂ ನಾಚಬೇಕೇ? ಪ್ರಾರ್ಥನೆಯಿಂದ ಬೇರು ಕಿತ್ತುಕೊಂಡ ಸೇವೆ ಕೆಲವೇ ವರ್ಷಗಳಲ್ಲಿ ದಣಿಯುತ್ತದೆ, ಇಲ್ಲವೇ ಹಣ ಬರುವ ಕಡೆಗೆ ವಾಲುತ್ತದೆ. ಪಂಡಿತಾ ರಮಾಬಾಯಿಯವರನ್ನು ನೆನೆಸಿಕೊಳ್ಳಿ. 1858ರಲ್ಲಿ ನಮ್ಮದೇ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು. ಸಂಸ್ಕೃತದಲ್ಲಿ ಅವರ ಪಾಂಡಿತ್ಯಕ್ಕೆ ಕಲ್ಕತ್ತೆಯ ವಿದ್ವಾಂಸರು ಪಂಡಿತಾ, ಸರಸ್ವತಿ ಎಂದು ಬಿರುದು ಕೊಟ್ಟರು. ಕ್ರಿಸ್ತನನ್ನು ನಂಬಿದ ಮೇಲೆ ಬಾಲವಿಧವೆಯರಿಗಾಗಿ 1889ರಲ್ಲಿ ಶಾರದಾ ಸದನ ತೆರೆದರು. ಬರಗಾಲದಲ್ಲಿ ಬೀದಿಗೆ ಬಿದ್ದ ನೂರಾರು ಹೆಣ್ಣುಮಕ್ಕಳನ್ನು ತಂದು ಪುಣೆಯ ಬಳಿಯ ಕೇಡಗಾಂವಿನಲ್ಲಿ ಸಾಕಿದರು. ಅವರಿಗೆ ಅಚ್ಚುಕೂಟದ ಕೆಲಸ, ನೇಯ್ಗೆ ಕಲಿಸಿದರು. ಆ ಹೆಣ್ಣುಮಕ್ಕಳ ನಡುವೆ ಕೂತೇ ಬೈಬಲ್ಲನ್ನು ಮರಾಠಿಗೆ ಅನುವಾದಿಸಿದರು. ಅವರ ಪ್ರಾರ್ಥನೆಯನ್ನೂ ಅವರ ಕೆಲಸವನ್ನೂ ಬೇರೆ ಬೇರೆ ಮಾಡಿ ನೋಡಲು ಸಾಧ್ಯವೇ?

ಬಾಬೆಲಿಗೆ ಸೆರೆಹೋದವರಿಗೆ ಯೆರೆಮೀಯನು ಬರೆದದ್ದು, ನೀವಿರುವ ಪಟ್ಟಣದ ಕ್ಷೇಮವನ್ನು ಹುಡುಕಿರಿ, ಅದಕ್ಕಾಗಿ ಪ್ರಾರ್ಥಿಸಿರಿ ಎಂದು. ಹುಡುಕುವುದು, ಪ್ರಾರ್ಥಿಸುವುದು ಎರಡೂ ಅಲ್ಲಿವೆ.

ಧಾರವಾಡದ ಮೇಷ್ಟ್ರು

ಸಭಾಪಾಲಕರೇ, ಕೇಳಿದವರಿಗೆ ಉತ್ತರ ಹೇಳುವುದನ್ನು ನಾನು ಎಂದೂ ಬೇಡವೆನ್ನಲಿಲ್ಲ. ಕೇಳಿದ ಮೇಲೆ ಹೇಳಬೇಕು, ಕೇಳುವವನು ನಮ್ಮ ಹಂಗಿನಲ್ಲಿ ಇಲ್ಲದಾಗ ಹೇಳಬೇಕು. ಫೀಸು ಮಾಫಿ ಮಾಡಿಸಿಕೊಂಡ ಹುಡುಗ, ಮಂಚದಲ್ಲಿ ಮಲಗಿದ ರೋಗಿ ಇವರು ಬೇಡವೆನ್ನಲು ಹೆದರುತ್ತಾರೆ. ನಮ್ಮ ನರ್ಸ್ ಸಿಸ್ಟರ್ ಹೇಳಿದ್ದು ಅದನ್ನೇ. ರಮಾಬಾಯಿಯವರ ಪ್ರಸ್ತಾಪಕ್ಕೆ ವಂದನೆ. ಅವರ ಶಾರದಾ ಸದನದ ಮೇಲೂ ಸೇವೆಯ ನೆಪದಲ್ಲಿ ಮತಾಂತರ ಎಂಬ ಆರೋಪ ಬಂದು, ಪುಣೆಯ ಸುಧಾರಕರು ದೂರ ಸರಿದ ಕಥೆ ಯುವಕರ ಕೂಟದಲ್ಲಿ ಇನ್ನೊಮ್ಮೆ ವಿವರವಾಗಿ ಚರ್ಚಿಸುವಂಥದು.

ಬಂಟ್ವಾಳದ ಗೃಹಿಣಿ

ನನ್ನದು ಸಣ್ಣ ಮಾತು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮರಿಯಮ್ಮನ ಹುಟ್ಟುಹಬ್ಬಕ್ಕೆ, ಚರ್ಚಿನಿಂದ ತಂದ ಹೊಸ ಭತ್ತದ ತೆನೆಯನ್ನು ಪಾಯಸದ ಹಾಲಿಗೆ ಹಾಕಿ, ಸಸ್ಯಾಹಾರದ ಊಟ ಮಾಡುತ್ತೇವೆ. ನಮ್ಮ ಅತ್ತೆಯ ಕಾಲದಿಂದಲೂ ಪಕ್ಕದ ಶೆಟ್ಟರ ಮನೆಯವರು ಆ ಊಟಕ್ಕೆ ಬರುತ್ತಾರೆ. ಅವರ ಮನೆಯ ತೆನೆ ಹಬ್ಬಕ್ಕೆ ನಾವು ಹೋಗುತ್ತೇವೆ. ಪ್ರಭಾವ ಎಂದು ಅದಕ್ಕೆ ಹೆಸರಿಡಲು ಮನಸ್ಸಿಲ್ಲ, ಆದರೆ ಊರಿನಲ್ಲಿ ಗಲಭೆಯ ಸುದ್ದಿ ಹರಡಿದಾಗ ನಮ್ಮ ಅಂಗಳಕ್ಕೆ ಮೊದಲು ಬಂದು ನಿಂತವರು ಶೆಟ್ಟರ ಮಕ್ಕಳು. ಈಚೆಗೆ ಕೆಲವು ಪ್ರಾರ್ಥನಾ ಕೂಟಗಳಲ್ಲಿ ಬೇರೆಯವರ ಹಬ್ಬದ ಊಟ ಮಾಡಬಾರದು ಎಂದು ಹೇಳಿಕೊಡುತ್ತಿದ್ದಾರೆ. ನನಗೆ ಅದು ಬಹಳ ನೋವಿನ ವಿಷಯ. ಯೇಸುಸ್ವಾಮಿ ಯಾರ ಮನೆಯ ಊಟವನ್ನೂ ಬೇಡವೆಂದವರಲ್ಲ.

ಧಾರವಾಡದ ಮೇಷ್ಟ್ರು

ನಿನ್ನೆ ಯುವಕರ ಕೂಟದ ಮುಂದೆ ಈ ಎಲ್ಲ ಬರಹಗಳನ್ನು ಓದಿದೆ. ಕೊಳ್ಳೇಗಾಲದ ಸಹೋದರರ ಮಾತಿನ ಮೇಲೆಯೇ ಬಹಳ ಹೊತ್ತು ಚರ್ಚೆ ನಡೆಯಿತು. ನಮ್ಮ ಸಭೆಯ ಸ್ಮಶಾನದ ನಕ್ಷೆ ತೆಗೆಸಿ ನೋಡಬೇಕೆಂದು ಹಿರಿಯರ ಸಮಿತಿಗೆ ಪತ್ರ ಬರೆಯುವುದೆಂದು ತೀರ್ಮಾನವಾಯಿತು. ಎರಡನೆಯದು, ಸರ್ಕಾರಿ ಆಸ್ಪತ್ರೆಯಲ್ಲಿ ನೋಡಿಕೊಳ್ಳಲು ಯಾರೂ ಇಲ್ಲದ ರೋಗಿಗಳ ಬಳಿ ಪಾಳಿಯಲ್ಲಿ ಕೂರುವ ಕೆಲಸ. ಸಿಸ್ಟರ್, ಹುಡುಗರಿಗೆ ಉತ್ಸಾಹವಿದೆ, ಗೊತ್ತುಗುರಿ ಇಲ್ಲ. ಏನು ಮಾಡಬೇಕು, ಏನು ಮಾಡಬಾರದು ದಯವಿಟ್ಟು ತಿಳಿಸಿ.

ಹಳೆಯ ನರ್ಸ್

ಮೇಷ್ಟ್ರೇ, ಮೊದಲು ಆಸ್ಪತ್ರೆಯ ವೈದ್ಯಕೀಯ ಅಧೀಕ್ಷಕರಿಗೆ ಬರಹದಲ್ಲಿ ಅರ್ಜಿ ಕೊಟ್ಟು ಒಪ್ಪಿಗೆ ಪಡೆಯಿರಿ. ಬರುವವರ ಹೆಸರು, ಗುರುತಿನ ಚೀಟಿಯ ಪ್ರತಿ ಕೊಡಿ. ವಾರ್ಡಿನಲ್ಲಿ ಸಿಸ್ಟರ್ ಹೇಳಿದ್ದೇ ಕೊನೆಯ ಮಾತು.

ಕಲಿಯಬೇಕಾದದ್ದು ಹೆಚ್ಚೇನಿಲ್ಲ. ಅಲುಗಾಡಲಾರದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು, ಇಲ್ಲದಿದ್ದರೆ ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ ಹಾಸಿಗೆ ಹುಣ್ಣಾಗುತ್ತದೆ. ಎಳೆಯಬಾರದು, ಹಾಸಿದ ಬಟ್ಟೆಯ ಸಮೇತ ಇಬ್ಬರು ಎತ್ತಿ ಸರಿಸಬೇಕು. ಮಲಗಿದಲ್ಲೇ ನೀರು, ಗಂಜಿ ಕುಡಿಸಬಾರದು, ತಲೆ ಎತ್ತರಿಸಿ, ಚಮಚದಲ್ಲಿ, ನುಂಗಿದ್ದನ್ನು ನೋಡಿಕೊಂಡು ಕೊಡಬೇಕು. ಒಬ್ಬ ರೋಗಿಯಿಂದ ಇನ್ನೊಬ್ಬರ ಬಳಿಗೆ ಹೋಗುವ ಮುಂಚೆ ಸೋಪಿನಿಂದ ಕೈ ತೊಳೆಯಲೇಬೇಕು. ಔಷಧಿಯನ್ನು, ಡ್ರಿಪ್ಪನ್ನು ಮುಟ್ಟಬಾರದು. ಇದನ್ನು ಕಲಿಸಿಕೊಡಲು ನಾನು ಬರುತ್ತೇನೆ, ನನ್ನ ಜೊತೆ ನಿವೃತ್ತರಾದ ಇನ್ನಿಬ್ಬರೂ ಒಪ್ಪಿದ್ದಾರೆ.

ಫೋಟೋ ತೆಗೆಯುವಂತಿಲ್ಲ. ಸಭೆಯ ಹೆಸರಿನ ಟೀ ಶರ್ಟು, ಬ್ಯಾನರು, ಕರಪತ್ರ ಯಾವುದೂ ಬೇಡ. ರೋಗಿಯ ಜಾತಿ, ಮತ ಕೇಳಬಾರದು. ಹೆಸರು ಕೇಳಿ, ಊಟ ಆಯಿತೇ ಎಂದು ಕೇಳಿ. ಹೆಣ್ಣುಮಕ್ಕಳ ವಾರ್ಡಿಗೆ ಸ್ತ್ರೀಯರ ಸಂಘದವರೇ ಹೋಗಲಿ. ಒಮ್ಮೆ ಪಾಳಿ ಒಪ್ಪಿಕೊಂಡರೆ ತಪ್ಪಿಸಬಾರದು. ಬರಲಾಗದಿದ್ದರೆ ಬದಲಿಯನ್ನು ಕಳಿಸಿಯೇ ಉಳಿಯಬೇಕು, ಏಕೆಂದರೆ ಬರುತ್ತಾರೆ ಎಂದು ಕಾದು ಕೂತ ರೋಗಿ ನೀರಿಗೂ ಕಾಯುತ್ತಿರುತ್ತಾನೆ.

ಸಾಗರದ ಓದುಗ

ನಮ್ಮ ಊರಿನಲ್ಲೂ ಇದನ್ನು ಶುರುಮಾಡಬಹುದು ಅನ್ನಿಸುತ್ತಿದೆ. ಹಿಂದೂಗಳೂ ಸೇರಬಹುದೇ?

ಹಳೆಯ ನರ್ಸ್

ಅಣ್ಣನವರೇ, ಖಂಡಿತ ಬನ್ನಿ. ಪಾಳಿಯ ಪಟ್ಟಿಯಲ್ಲಿ ಹೆಸರು, ಫೋನ್ ನಂಬರ್, ಯಾವ ವಾರ ಅನುಕೂಲ ಎಂಬ ಮೂರೇ ಕಾಲಂ ಇರಲಿ. ಮೇಷ್ಟ್ರೇ, ಅರ್ಜಿಯ ಕರಡನ್ನು ಇಲ್ಲೇ ಹಾಕಿಬಿಡಿ, ಸಾಗರದವರಿಗೂ ಕೊಳ್ಳೇಗಾಲದವರಿಗೂ ಅದೇ ಆಗುತ್ತದೆ.